ಕಾಲೇಜು ಕಬಡ್ಡಿ ತಂಡ ಲೀಗ್ ಹಂತದಲ್ಲೇ ಮನೆಗೆ: ತಪ್ಪು ಕೋಚ್‌ದಾ, ಹುಡುಗರದಾ?

ಗುಬ್ಬಿಗೇಟ್ (ಪ್ರಶ್ನೆ)

ತುಮಕೂರು ಜಿಲ್ಲೆಯ ಒಂದು ಪದವಿ ಕಾಲೇಜಿನ ಪುರುಷರ ಕಬಡ್ಡಿ ತಂಡದ ವಿಚಾರ. ಕಾಲೇಜಿನ ಹೆಸರು ಬೇಡ, ಗೊತ್ತಿರೋರಿಗೆ ಗೊತ್ತಾಗುತ್ತೆ. ಹೋದ ವರ್ಷ ಅಂತರ ಕಾಲೇಜು ಟೂರ್ನಿಯಲ್ಲಿ ಸೆಮಿಫೈನಲ್ ಆಡಿದ ತಂಡ. ಅದರಲ್ಲಿ ಇಬ್ಬರು ಪಾಸಾಗಿ ಹೋದರು, ಉಳಿದವರೆಲ್ಲ ಈ ವರ್ಷವೂ ಇದ್ದಾರೆ. ಆದರೂ ಈ ಸಲ ಲೀಗ್ ದಾಟಲಿಲ್ಲ. ಸೋತ ಪಂದ್ಯಗಳೆಲ್ಲ ಒಂದೇ ಥರ: ಮೊದಲಾರ್ಧ ನಾವು ಮುಂದೆ, ಕೊನೆಯ ಹತ್ತು ನಿಮಿಷದಲ್ಲಿ ಆಲ್‌ಔಟ್ (ಅಂಕಣದಲ್ಲಿ ನಮ್ಮವರು ಒಬ್ಬರೂ ಉಳಿಯಲ್ಲ), ಅಲ್ಲಿಗೆ ಮುಗೀತು.

ಕೋಚ್ ಹೊರಗಿನವರು, ಎನ್‌ಐಎಸ್ (ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ತರಬೇತಿ) ಮಾಡಿದವರು. ಹಳೇ ವಿದ್ಯಾರ್ಥಿಗಳ ಸಂಘದಿಂದ ಗೌರವಧನ ಕೊಟ್ಟು ಕರೆಸಿದ್ದು. ಈಗ ಸಂಘದ ಸಭೆ ಇದೆ. ಅರ್ಧ ಜನ ಕೋಚ್ ಬದಲಾಯಿಸಿ ಅಂತಾರೆ. ಇನ್ನರ್ಧ ಜನ, ಹುಡುಗರು ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತನಕ ಊರೂರಿನ ಹೊನಲು ಬೆಳಕಿನ ಪಂದ್ಯ ಆಡ್ಕೊಂಡು ಸುಸ್ತಾಗಿ ಬಂದರು, ಅವರನ್ನೇ ತೆಗೀರಿ ಅಂತಾರೆ. ಎರಡೂ ಕಡೆಯವರ ಗಂಟಲು ದೊಡ್ಡದು, ಲೆಕ್ಕ ಮಾತ್ರ ಯಾರ ಹತ್ತಿರಾನೂ ಇಲ್ಲ.

ಪಂದ್ಯಗಳ ಮೊಬೈಲ್ ವಿಡಿಯೊ ಇದೆ, ಸ್ಕೋರ್‌ಶೀಟ್ ಫೋಟೊ ಇದೆ. ಇವೆರಡರಿಂದ ಯಾರ ಪಾಲು ಎಷ್ಟು ಅಂತ ಹೇಳೋಕಾಗುತ್ತಾ? ಆಗೋದಾದರೆ ಏನು ನೋಡಬೇಕು?

ಎಂಡ್‌ಲೈನ್

ಆಗುತ್ತೆ. ಆದರೆ ಒಟ್ಟು ಸ್ಕೋರ್ ನೋಡಿ ಆಗಲ್ಲ. ನೀವು ಬಿಟ್ಟುಕೊಟ್ಟ ಪಾಯಿಂಟ್‌ಗಳನ್ನು ಒಂದೊಂದಾಗಿ ಬಿಡಿಸಿ ಬರೀಬೇಕು. ಪಂದ್ಯ 20 ನಿಮಿಷದ ಎರಡು ಅರ್ಧ, ಒಂದು ರೈಡ್‌ಗೆ ಹೆಚ್ಚೆಂದರೆ 30 ಸೆಕೆಂಡ್. ಅಂದರೆ ಎರಡೂ ತಂಡ ಸೇರಿ 80ರ ಆಸುಪಾಸು ರೈಡ್. ಇಬ್ಬರು ಕೂತರೆ ಒಂದು ಪಂದ್ಯ ಒಂದು ಸಂಜೆಯ ಕೆಲಸ. ನಾಲ್ಕು ಕಾಲಂ ಸಾಕು: ಗಡಿಯಾರದಲ್ಲಿ ಉಳಿದಿದ್ದ ಸಮಯ, ಆಗ ಅಂಕಣದಲ್ಲಿದ್ದ ನಮ್ಮವರ ಸಂಖ್ಯೆ, ಪಾಯಿಂಟ್ ಹೋದ ಬಗೆ, ಯಾರ ಕೈಯಿಂದ ಹೋಯಿತು.

ಬರೆದಾದ ಮೇಲೆ ನಾನು ಬಳಸುವ ಅಳತೆ ಇದು. ಒಂದೇ ತಪ್ಪನ್ನು ಒಬ್ಬನೇ ಮತ್ತೆ ಮತ್ತೆ ಮಾಡಿದರೆ ಆಟಗಾರನ ಲೆಕ್ಕ. ಅದೇ ತಪ್ಪನ್ನು ಮೂವರು ನಾಲ್ವರು ಮಾಡಿದರೆ ಕೋಚ್ ಲೆಕ್ಕ, ಯಾಕೆಂದರೆ ಅಭ್ಯಾಸದಲ್ಲಿ ಅದು ಕಣ್ಣಿಗೆ ಬಿದ್ದೇ ಇರುತ್ತೆ.

ಉದಾಹರಣೆಗೆ ಬೋನಸ್, ಅಂದರೆ ಯಾರನ್ನೂ ಮುಟ್ಟದಿದ್ದರೂ ಬೋನಸ್ ಲೈನ್ ದಾಟಿದ್ದಕ್ಕೇ ರೈಡರ್‌ಗೆ ಸಿಗುವ ಪಾಯಿಂಟ್. ಹಿಡಿಯುವ ತಂಡದವರು ಅಂಕಣದಲ್ಲಿ ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್. ರೈಡರ್‌ನ ಒಂದು ಕಾಲು ಬೋನಸ್ ಲೈನ್ ದಾಟಿ ಊರಬೇಕು, ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಬೋನಸ್ ಲೈನ್ ಮಧ್ಯಗೆರೆಯಿಂದ 4.75 ಮೀಟರ್, ಅಲ್ಲಿಂದ ಹಿಂದಿನ ಕೊನೆಗೆರೆ ಎಂಡ್‌ಲೈನ್‌ಗೆ ಉಳಿಯೋದು 1.75 ಮೀಟರ್ ಅಷ್ಟೆ. ಕಾರ್ನರ್ (ಮೂಲೆಯಲ್ಲಿ ನಿಲ್ಲುವ ಕ್ಯಾಚರ್) ನಿಂತಿರೋದು ಅಲ್ಲೇ. ಕಾಲು ಊರುವ ಕ್ಷಣವೇ ಆಂಕಲ್ ಹೋಲ್ಡ್‌ಗೆ (ಕಣಕಾಲು ಹಿಡಿಯೋಕೆ) ಸರಿಯಾದ ಕ್ಷಣ. ಎಡಗಡೆ ಮಾತ್ರ ಬೋನಸ್ ಸೋರುತ್ತಿದ್ದರೆ ಎಡ ಕಾರ್ನರ್ ತಡವಾಗಿ ಬಗ್ಗುತ್ತಿದ್ದಾನೆ. ಎರಡೂ ಕಡೆ, ಬಂದ ರೈಡರ್‌ಗೆಲ್ಲ ಸೋರುತ್ತಿದ್ದರೆ, 'ಬೋನಸ್ ಕೊಡೋದಾ, ತಡೆಯೋದಾ' ಅನ್ನೋದು ತಂಡಕ್ಕೇ ಗೊತ್ತಿಲ್ಲ. ಮುಂದಿರುವಾಗ ಬೇಕೆಂದೇ ಬೋನಸ್ ಬಿಟ್ಟು ಟಚ್ ಮಾತ್ರ ತಪ್ಪಿಸುವ ತಂಡಗಳೂ ಇವೆ, ಅದೊಂದು ಲೆಕ್ಕಾಚಾರ. ಗೊತ್ತಿಲ್ಲದೆ ಬಿಡೋದು ಲೆಕ್ಕಾಚಾರ ಅಲ್ಲ.

ಆಮೇಲೆ ಆತುರದ ಕ್ಯಾಚ್. ಎದುರಾಳಿ ಬಾಕ್ ಲೈನ್ (ಪ್ರತಿ ರೈಡ್‌ನಲ್ಲೂ ದಾಟಲೇಬೇಕಾದ ಗೆರೆ) ದಾಟಿ, ಸಮಯ ಕಳೆದು ವಾಪಸ್ ಹೋಗೋಕೆ ಬಂದವನು. ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡು ಆರ್ ಡೈ, ಆಗ ಅವನೇ ಒಳಗೆ ಬರಬೇಕು, ಬರಿಗೈಲಿ ಹೋದರೆ ಅವನೇ ಔಟ್. ಅಲ್ಲಿ ತನಕ ಸುಮ್ಮನೆ ಕಾಯಬೇಕಾದ ಹೊತ್ತಲ್ಲಿ ಎರಡನೇ ಖಾಲಿ ರೈಡ್‌ನ 25ನೇ ಸೆಕೆಂಡ್‌ಗೆ ನಮ್ಮವನು ಹಾರಿ ಪಾಯಿಂಟ್ ಕೊಟ್ಟರೆ ಅದನ್ನು ಕೆಂಪಿನಲ್ಲಿ ಬರೀರಿ. ಒಬ್ಬನದೇ ಚಟ ಆಗಿದ್ದರೆ ಅವನನ್ನು ಕೂರಿಸಿ ಮಾತಾಡಿ. ಎಲ್ಲರೂ ಹಾರುತ್ತಿದ್ದರೆ ಅಂಕಣದಲ್ಲಿ 'ಖಾಲಿ ಬಿಡು' ಅಂತ ಕೂಗಿ ಹೇಳುವವನೇ ಇಲ್ಲ, ಅಂಥವನನ್ನು ನೇಮಿಸೋದು ಕೋಚ್ ಕೆಲಸ.

ಸ್ಕೋರ್‌ಶೀಟ್ ಒಂದನ್ನೇ ನಂಬಬೇಡಿ ಅನ್ನೋಕೆ ಒಂದು ಉದಾಹರಣೆ. ರೈಡರ್ ಬಲ ಕಾರ್ನರ್ ಕಡೆ ಹೋಗ್ತಾನೆ, ಟೋ ಟಚ್‌ಗೆ ಕಾಲು ಚಾಚ್ತಾನೆ. ಕಾರ್ನರ್ ಕಣಕಾಲು ಹಿಡೀತಾನೆ, ಹಿಡಿತ ಸರಿಯಾಗೇ ಇದೆ. ಆ ಕ್ಷಣಕ್ಕೆ ಬಲ ಕವರ್ (ಕಾರ್ನರ್‌ಗಿಂತ ಒಳಗಡೆ ನಿಲ್ಲುವ ಕ್ಯಾಚರ್) ಒಳಗಿನಿಂದ ಬಂದು ಭುಜ, ಎದೆ ಕೊಟ್ಟು ರೈಡರ್‌ನ ಸೊಂಟಕ್ಕೆ ಬ್ಲಾಕ್ ಹಾಕಬೇಕು, ಆ ಕಡೆಯ ಚೈನ್ (ಕೈ ಕೈ ಹಿಡಿದು ನಿಂತವರು) ಮಧ್ಯಗೆರೆಯ ದಾರಿ ಮುಚ್ಚಬೇಕು. ಕವರ್ ಮೊಣಕಾಲ ಮೇಲೆ ಕೈ ಊರಿಕೊಂಡು ನಿಂತಿದ್ದಾನೆ, ಒಂದು ಹೆಜ್ಜೆ ತಡ. 80 ಕೆಜಿ ಆಳು ಒಂಟಿ ಕಾರ್ನರ್‌ನ ಎಳಕೊಂಡೇ ಗೆರೆಗೆ ಕೈ ಚಾಚ್ತಾನೆ. ತಡವಾಗಿ ಬಂದ ಕವರ್ ಮುಟ್ಟಿದ್ದಕ್ಕೆ ಅವನೂ ಔಟ್. ಎರಡು ಪಾಯಿಂಟ್. ಶೀಟಿನಲ್ಲಿ ಇಬ್ಬರೂ ಔಟ್ ಅಂತ ಒಂದೇ ಥರ ಇರುತ್ತೆ, ಸಂಜೆ ಬೈಸಿಕೊಳ್ಳೋನು ಮಾತ್ರ ಮೊದಲು ಕೈ ಹಾಕಿದ ಕಾರ್ನರ್. ವಿಡಿಯೊದಲ್ಲಿ ತಪ್ಪು ಕವರ್‌ನದು ಅಂತ ಕಾಣುತ್ತೆ. ಅದು ಯಾವಾಗ ಆಯಿತು ನೋಡಿ: ಮೂರನೇ ನಿಮಿಷದಲ್ಲಿ ಆದರೆ ಗಮನ ಇಲ್ಲ, 35ನೇ ನಿಮಿಷದಲ್ಲಿ ಆದರೆ ಉಸಿರಿಲ್ಲ.

ಕೊನೆಯ ಹತ್ತು ನಿಮಿಷ ಮಾತ್ರ ಬಹುಪಾಲು ಕೋಚ್‌ದೇ. ಐದಾರು ಪಾಯಿಂಟ್ ಮುಂದಿದ್ದಾಗ 30 ಸೆಕೆಂಡ್ ಪೂರ್ತಿ ಆಡಿಸಿ ಕಾಲ ತಳ್ಳೋದು ಸರಿ. ಆದರೆ ಹಾಗೆ ತಳ್ಳಿದರೆ ಮೂರನೇ ಸಲ ಡು ಆರ್ ಡೈ ಬಂದೇ ಬರುತ್ತೆ. ಅದಕ್ಕೆ ಯಾರು ಹೋಗಬೇಕು? ಮುಖ್ಯ ರೈಡರ್‌ನೇ ಪ್ರತಿ ಸಲ ಕಳಿಸಿದರೆ, ಕಾದು ಕೂತ ಏಳು ಜನರ ಕೈಗೆ ಅವನು ಸಿಕ್ಕಿ, ಯಾರಾದರೂ ಪಾಯಿಂಟ್ ತಂದು ಎಬ್ಬಿಸುವ ತನಕ ಹೊರಗೆ ಕೂರ್ತಾನೆ. ಅಲ್ಲಿಂದ ಒಬ್ಬೊಬ್ಬರೇ ಕರಗಿ ಆಲ್‌ಔಟ್, ಮೇಲೆ 2 ಪಾಯಿಂಟ್. ಹಾಗಾಗಿ ಮೂರನೇ ರೈಡರ್ ಒಬ್ಬನನ್ನು ಅದಕ್ಕೇ ತಯಾರು ಮಾಡಿರಬೇಕು. ತಂಡಕ್ಕೆ ಪ್ರತಿ ಅರ್ಧದಲ್ಲಿ 30 ಸೆಕೆಂಡ್‌ನ ಎರಡು ಟೈಮ್ಔಟ್ ಇವೆ. ಅವನ್ನು ಯಾವಾಗ ತಗೊಂಡರು, ಬೆಂಚಿನಿಂದ ಯಾರನ್ನು ಇಳಿಸಿದರು, ಇದೂ ಅದೇ ಕಾಗದದಲ್ಲಿ ಬರಲಿ.

2019ರ ಪ್ರೊ ಕಬಡ್ಡಿ ಫೈನಲ್ ನೆನಪಿಸಿಕೊಳ್ಳಿ. ಬೆಂಗಾಲ್ ವಾರಿಯರ್ಸ್‌ನ ನಾಯಕ ಮಣಿಂದರ್ ಸಿಂಗ್ ಗಾಯವಾಗಿ ಆಡಲೇ ಇಲ್ಲ. ಎದುರಿಗೆ ದಬಾಂಗ್ ಡೆಲ್ಲಿಯ ನವೀನ್ ಕುಮಾರ್ ಒಬ್ಬರೇ 18 ಪಾಯಿಂಟ್ ತಂದರು. ಆದರೂ 39-34ಕ್ಕೆ ಗೆದ್ದದ್ದು ಬೆಂಗಾಲ್. ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಮುಖ್ಯ ರೈಡರ್ ಇಲ್ಲದ ದಿನ ಏನು ಮಾಡಬೇಕು ಅನ್ನೋದು ಫೈನಲ್ ದಿನ ಬೆಳಿಗ್ಗೆ ಹೊಳೆಯೋ ವಿಷಯ ಅಲ್ಲ.

ಮಣ್ಣಿನಂಗಳ

ಎಂಡ್‌ಲೈನ್ ಸರ್ ಲೆಕ್ಕ ಚೆನ್ನಾಗೈತೆ, ಆದ್ರೆ ಕಾಗದದಾಗೆ ಬರ್ದೇ ಇರೋ ಎರಡು ವಿಷ್ಯ ಐತೆ.

ಮೊದ್ಲನೇದು ನೆಲ. ಕುಣಿಯಲಾರದೋಳು ನೆಲ ಡೊಂಕು ಅಂದ್ಲು ಅನ್ನೋ ಗಾದೆ ಎತ್ಕೊಂಡು ಬರ್ಬೇಡಿ, ಇಲ್ಲಿ ನೆಲ ನಿಜವಾಗ್ಲೂ ಡೊಂಕೇ. ತಾಲ್ಲೂಕು ಕಾಲೇಜ್ ಹುಡುಗ್ರು ವರ್ಷವೆಲ್ಲ ಮಣ್ಣಲ್ಲಿ ಬರಿಗಾಲಲ್ಲಿ ಆಡೋದು, ಟೂರ್ನಿ ಮಾತ್ರ ಮ್ಯಾಟ್ ಮೇಲೆ. ಮಣ್ಣಲ್ಲಿ ಕಾಲು ಒಂಚೂರು ಜಾರುತ್ತೆ, ಆ ಜಾರೋದನ್ನೇ ನಂಬ್ಕೊಂಡು ಹುಡುಗ ತಿರುಗ್ತಾನೆ. ಮ್ಯಾಟ್ ಮೇಲೆ ಶೂ ಕಚ್ಕೊಳ್ಳುತ್ತೆ. ಪಾದ ನಿಂತ್ಬಿಡುತ್ತೆ, ಮೈ ತಿರುಗುತ್ತೆ, ಮೊಣಕಾಲು ಮಧ್ಯ ಸಿಕ್ಕಾಕೊಳ್ಳುತ್ತೆ. ಲಿಗಮೆಂಟ್ ಹೋದ್ರೆ, ಆಪರೇಷನ್ ಆದ್ಮೇಲೂ ಒಂಬತ್ತು ತಿಂಗಳು ಆಟದ ಮಾತಿಲ್ಲ.

ಕ್ಯಾಚಿಂಗೂ ಅಷ್ಟೇ. ಗಟ್ಟಿ ಮಣ್ಣಲ್ಲಿ ಡೈವ್ ಹೊಡ್ದು ಆಂಕಲ್ ಹಿಡುದ್ರೆ ಮೊಣಕೈ ಚರ್ಮ ಕಿತ್ಕೊಂಡು ಬರುತ್ತೆ. ಅದಕ್ಕೆ ಅಭ್ಯಾಸದಾಗೆ ಯಾವನೂ ಮೈ ಬಿಟ್ಟು ಬೀಳಲ್ಲ, ಬರೀ ಕೈ ಹಾಕ್ತಾನೆ. ಮ್ಯಾಚ್‌ನಾಗೂ ಅದೇ ಬರೋದು. ಎಂಡ್‌ಲೈನ್ ಸರ್ ಹೇಳಿದ ಒಂದು ಹೆಜ್ಜೆ ತಡ ಅದರಿಂದ್ಲೂ ಆಗಿರ್ಬಹುದು, ಕವರ್ ಹುಡುಗ ಬೀಳೋಕೆ ಹೆದರ್ತಾನೆ. ಅವನನ್ನ ಸೋಮಾರಿ ಅಂದ್ರೆ ಹೆಂಗೆ? ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಮೀಟರ್ ಚದರದ ತುಂಡು ಅಂದ್ರೆ ಅಂಕಣಕ್ಕೇ 130 ತುಂಡು ಬೇಕು, ಸುತ್ತ ಅಂಚಿಗೆ ಬೇರೆ. ಅಷ್ಟು ತರೋಕಾಗ್ದಿದ್ರೆ ಬಲ ಕಾರ್ನರ್ ಮೂಲೆಗೆ 4 ಮೀಟರ್ ಉದ್ದ, 3 ಮೀಟರ್ ಅಗಲ, ಹನ್ನೆರಡು ತುಂಡು ಹಾಕಿ ಡೈವ್ ಕಲಿಸ್ಬಹುದು. ಅದನ್ನೂ ಮಾಡಿಲ್ಲ ಅಂದ್ರೆ ತಪ್ಪು ಕೋಚ್‌ದೂ ಅಲ್ಲ, ಹುಡುಗ್ರದ್ದೂ ಅಲ್ಲ, ದುಡ್ಡು ಕೊಡೋರ್ದು.

ಎರಡನೇದು ಹೊಟ್ಟೆ. 75 ಕೆಜಿ ಹುಡುಗ ದಿನಾ ಎರಡು ಹೊತ್ತು ಮೈ ಬಗ್ಗಿಸ್ತಾನೆ ಅಂದ್ರೆ ಕೆಜಿಗೆ 1.6 ಗ್ರಾಂ ಲೆಕ್ಕದಾಗೆ 120 ಗ್ರಾಂ ಪ್ರೋಟೀನ್ ಬೇಕು. ಹಾಸ್ಟೆಲ್ ಮುದ್ದೆ, ಅನ್ನ, ಸಾರು, ಕಾಳು ಪಲ್ಯ ಹೊಟ್ಟೆ ತುಂಬ ಉಂಡ್ರೂ 40 ಗ್ರಾಂ ಸುತ್ತಮುತ್ತ ನಿಲ್ಲುತ್ತೆ. ಮುದ್ದೆ ಬಲ ಕೊಡುತ್ತೆ, ಕ್ಯಾಲ್ಸಿಯಂ ಕೊಡುತ್ತೆ, ಪ್ರೋಟೀನ್‌ಗೆ ಅದನ್ನೇ ನಂಬಂಗಿಲ್ಲ. ಮೇಲಿನ 80 ಗ್ರಾಂಗೆ ನಾಕು ಮೊಟ್ಟೆ 24, ಅರ್ಧ ಲೀಟರ್ ಹಾಲು 16, ಐವತ್ತು ಗ್ರಾಂ ಸೋಯಾ ಚಂಕ್ಸ್ 26, ಐವತ್ತು ಗ್ರಾಂ ಕಡಲೆಬೀಜ 12. ಅಲ್ಲಿಗೆ ಸರಿಹೋಗುತ್ತೆ. ಪಾವಗಡ, ಶಿರಾ ಕಡೆ ಹುಡುಗ್ರಿಗೆ ಕಡಲೆಬೀಜ ಮನೆಯಿಂದ್ಲೇ ಬರುತ್ತೆ, ಮೊಟ್ಟೆ ಹಾಲು ಯಾರು ಕೊಡ್ತಾರೆ? ಹೊನಲು ಬೆಳಕಿಗೆ ಯಾಕೆ ಹೋಗ್ತಾರೆ ಅಂತ ಕೇಳೋ ಮೊದ್ಲು ಇದನ್ನ ಕೇಳಿ. ಅಲ್ಲಿ ಗೆದ್ದ ದುಡ್ಡಲ್ಲೇ ಶೂ ತಗೊಳ್ಳೋದು.

ಹಳೇ ಪಿ.ಡಿ.

ಇಬ್ಬರ ಮಾತಿಗೂ ಸ್ವಲ್ಪ ತಡೆ ಹಾಕುತ್ತೇನೆ.

ಎಂಡ್‌ಲೈನ್ ಅವರೇ, ಕೊನೆಯ ಹತ್ತು ನಿಮಿಷ ಕೋಚ್‌ದೇ ಅನ್ನುವ ಮೊದಲು ಆ ಕೋಚ್ ಬಂದದ್ದು ಯಾವಾಗ ಎಂದು ಕೇಳಬೇಕಿತ್ತು. ದಮ್ಮು, ಕಾಲಿನ ಬಲ ಬರಲು ಕಡೇಪಕ್ಷ ಆರೆಂಟು ವಾರ ಬೇಕು. ಸರಿಯಾದ ತಯಾರಿ ಎಂದರೆ ಹನ್ನೆರಡು ವಾರ. ಮೊದಲ ನಾಲ್ಕು ವಾರ ಓಟ, ಸ್ಕ್ವಾಟ್, ಪುಲ್ಅಪ್, ಹಗ್ಗ ಜಗ್ಗಾಟ. ಆಮೇಲೆ ಐದು ವಾರ ಕೌಶಲ, ಕಾರ್ನರ್ ಕವರ್ ಜೋಡಿ, ಚೈನ್. ಎರಡು ವಾರ ಪೂರ್ತಿ 40 ನಿಮಿಷದ ಅಭ್ಯಾಸ ಪಂದ್ಯ. ಕೊನೆಯ ವಾರ ಕೆಲಸ ಅರ್ಧಕ್ಕೆ ಇಳಿಸಿ ಮೈಗೆ ಬಿಡುವು. ಟೂರ್ನಿಗೆ ಮೂರು ವಾರ ಇರುವಾಗ ಕರೆಸಿದ ಕೋಚ್ ಆಟಗಾರರನ್ನು ಆರಿಸಬಲ್ಲ, ನಿಲ್ಲಿಸಬಲ್ಲ, ದಮ್ಮು ತುಂಬಿಸಲಾರ. ತುಂಬಿಸಲು ಹೋಗಿ ದಿನಕ್ಕೆ ಮೂರು ಹೊತ್ತು ಓಡಿಸಿದರೆ ಹುಡುಗರು ಟೂರ್ನಿಗೆ ಸತ್ತ ಕಾಲಿನಲ್ಲಿ ಬರುತ್ತಾರೆ. ಮೊದಲಾರ್ಧ ಚೆನ್ನಾಗಿ ಆಡಿ ಕೊನೆಗೆ ಕುಸಿಯುವ ಲಕ್ಷಣ ಅದೇ.

ದಮ್ಮಿನ ಅಭ್ಯಾಸವೂ ಆಟದ ಅಳತೆಗೆ ಇರಬೇಕು. ಬೆಳಿಗ್ಗೆ ಅಮಾನಿಕೆರೆ ಸುತ್ತ ಐದು ಕಿಲೋಮೀಟರ್ ಓಡಿಸಿ ಮುಗಿಸುವವರು ಬಹಳ ಜನ. ಕಬಡ್ಡಿಯಲ್ಲಿ 30 ಸೆಕೆಂಡ್ ಪೂರ್ತಿ ಸುರಿದು, 30 ಸೆಕೆಂಡ್ ನಿಂತು ಕಾದು, ಮತ್ತೆ ಸುರಿಯಬೇಕು. ಅಭ್ಯಾಸವೂ ಹಾಗೇ: 30 ಸೆಕೆಂಡ್ ಗೆರೆಯಿಂದ ಗೆರೆಗೆ ಶಟಲ್, 30 ಸೆಕೆಂಡ್ ಬಿಡುವು, ಹತ್ತು ಸಲ. ಮೂರು ನಿಮಿಷ ಬಿಟ್ಟು ಮತ್ತೊಮ್ಮೆ, ಹೀಗೆ ಮೂರು ಸುತ್ತು, ವಾರಕ್ಕೆ ಎರಡು ದಿನ ಸಾಕು. ಮೂರನೇ ಸುತ್ತಿನ ಕೊನೆಯಲ್ಲಿ ಮುಟ್ಟುವ ಗೆರೆಗಳ ಎಣಿಕೆ ಮೊದಲ ಸುತ್ತಿಗಿಂತ ತೀರಾ ಇಳಿದರೆ ಆ ಹುಡುಗ 35ನೇ ನಿಮಿಷಕ್ಕೆ ಸಿದ್ಧನಿಲ್ಲ.

ಈಗ ಹುಡುಗರ ಕಡೆ. ಅವರನ್ನು ಬರೀ ಬಡತನದ ಮರೆಯಲ್ಲಿ ನಿಲ್ಲಿಸುವುದು ನನಗೆ ಒಪ್ಪಿಗೆ ಇಲ್ಲ. ಪುರುಷರ ವಿಭಾಗದ ತೂಕದ ಮಿತಿ 85 ಕೆಜಿ. 87 ಇರುವ ಹುಡುಗ ಹಿಂದಿನ ದಿನ ಊಟ ಬಿಟ್ಟು, ನೀರು ಬಿಟ್ಟು, ಜರ್ಕಿನ್ ಹಾಕಿಕೊಂಡು ಬೆವರಿಳಿಸಿ ತೂಕಕ್ಕೆ ನಿಲ್ಲುತ್ತಾನೆ. ಮೈತೂಕದ ಶೇಕಡಾ ಎರಡರಷ್ಟು ನೀರು ಹೋದರೇ ದಮ್ಮು ಇಳಿಯುತ್ತದೆ, ಸ್ನಾಯು ಹಿಡಿಯುತ್ತದೆ. ಇದನ್ನು ಯಾವ ಕೋಚೂ ಹೇಳಿಕೊಟ್ಟದ್ದಲ್ಲ. ಒಂದೂವರೆ ತಿಂಗಳು ಮುಂಚೆ ವಾರಕ್ಕೆ ಅರ್ಧ ಕೆಜಿಯಂತೆ ಇಳಿಸಿದ್ದರೆ ಸಲೀಸಾಗಿ ಇಳಿಯುತ್ತಿತ್ತು. ಗುಟ್ಕಾ, ರಾತ್ರಿ ಒಂದರ ತನಕ ಮೊಬೈಲ್, ಇವೂ ಅವರವರ ಲೆಕ್ಕವೇ.

ಹೊನಲು ಬೆಳಕಿನ ಪಂದ್ಯವನ್ನು ನಾನು ದೂರುವುದಿಲ್ಲ. ಒತ್ತಡದಲ್ಲಿ ಆಡುವ ಅಭ್ಯಾಸ ಅಲ್ಲಿ ಸಿಗುವಷ್ಟು ಕಾಲೇಜಿನಲ್ಲಿ ಸಿಗದು. ಆದರೆ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವ ಫೈನಲ್, ಒಂದೇ ರಾತ್ರಿ ನಾಲ್ಕೈದು ಪಂದ್ಯ, ಮೈ ಬಿಸಿ ಮಾಡಿಕೊಳ್ಳದೆ ಚಳಿಯಲ್ಲಿ ಇಳಿಯುವುದು. ಉಳುಕಿದ ಕಣಕಾಲು ಊದಿದ್ದರೂ ಬಟ್ಟೆ ಕಟ್ಟಿಕೊಂಡು ಮುಂದಿನ ಊರಿಗೆ ಹೋಗುವುದು. ಸಣ್ಣ ಉಳುಕಿಗೂ ಎರಡು ವಾರ, ಸ್ವಲ್ಪ ದೊಡ್ಡದಕ್ಕೆ ಐದಾರು ವಾರ ಬಿಡುವು ಬೇಕು. ನಿಮ್ಮ ಕಾರ್ನರ್‌ಗಳು ಯಾರಾದರೂ ಹೀಗೆ ಬಂದವರೇ, ವಿಚಾರಿಸಿ.

ಕೋಚ್ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಮಹಿಳಾ ತಂಡವನ್ನು ಫೈನಲ್‌ನಲ್ಲಿ 27-24ಕ್ಕೆ ಸೋಲಿಸಿದ ಇರಾನ್‌ಗೆ ಕೋಚ್ ಆಗಿದ್ದವರು ಭಾರತದವರೇ, ಶೈಲಜಾ ಜೈನ್. ಅದೇ ಕೂಟದಲ್ಲಿ ಪುರುಷರೂ ಸೆಮಿಫೈನಲ್‌ನಲ್ಲಿ ಇರಾನ್‌ಗೆ 18-27ರಲ್ಲಿ ಸೋತರು. 1990ರಲ್ಲಿ ಕಬಡ್ಡಿ ಏಷ್ಯನ್ ಗೇಮ್ಸ್ ಸೇರಿದ ಮೇಲೆ ಪುರುಷರ ಚಿನ್ನ ತಪ್ಪಿದ್ದು ಅದೇ ಮೊದಲು. ಪ್ರೊ ಕಬಡ್ಡಿಯ ಘಟಾನುಘಟಿ ರೈಡರ್‌ಗಳಿದ್ದ ತಂಡ ಅದು. ರೈಡರ್ ಹೆಸರು ದೊಡ್ಡದಿದ್ದ ಮಾತ್ರಕ್ಕೆ ಪಾಯಿಂಟ್ ಬರುವುದಿಲ್ಲ ಎನ್ನಲು ಅಷ್ಟು ಸಾಕು.

ಸೀಟಿ

ಅಂಪೈರ್ ಕಡೆಯಿಂದ ಒಂದೆರಡು ಮಾತು, ಯಾರೂ ಇದನ್ನು ಲೆಕ್ಕಕ್ಕೆ ತಗೊಳ್ಳಲ್ಲ. 'ನಾವಾಗೇ ಔಟ್' ಅಂತ ಒಂದು ಬಗೆ ಬೇರೆ ಬರೀರಿ. ಟಚ್ ಆಗೋ ಮೊದಲೇ ಲಾಬಿಗೆ (ಅಂಕಣದ ಎರಡೂ ಪಕ್ಕದ ಪಟ್ಟಿಗೆ) ಕಾಲಿಟ್ಟವನು, ಹಿಂದೆ ಸರೀತಾ ಎಂಡ್‌ಲೈನ್ ಆಚೆ ಇಟ್ಟವನು, ಬಾಕ್ ಲೈನ್ ದಾಟದೆ ವಾಪಸ್ ಬಂದ ರೈಡರ್, ಉಸಿರು ಬಿಟ್ಟು ಕಬಡ್ಡಿ ಕಬಡ್ಡಿ ಅನ್ನೋದು ನಿಲ್ಲಿಸಿದವನು. ಎದುರಾಳಿ ಏನೂ ಮಾಡದೆ ಬರೋ ಪಾಯಿಂಟ್ ಇವು. ಕಾಲೇಜು ಪಂದ್ಯಗಳಲ್ಲಿ ಸೋಲು ಗೆಲುವಿನ ಅಂತರ ಎಷ್ಟೋ ಸಲ ಇಷ್ಟೇ ಇರುತ್ತೆ. ಮಣ್ಣಲ್ಲಿ ಸುಣ್ಣದ ಗೆರೆ ಅರ್ಧ ಅಳಿಸಿಹೋದ ಅಂಕಣದಲ್ಲಿ ಆಡಿ ಬಂದವರಿಗೆ ಲಾಬಿ ಎಲ್ಲಿ ಶುರುವಾಗುತ್ತೆ ಅನ್ನೋ ಅಂದಾಜೇ ಕಾಲಿಗೆ ಇರಲ್ಲ. ಅಭ್ಯಾಸದ ದಿನವೂ ಟೇಪ್ ಹಿಡಿದು ಗೆರೆ ಹಾಕಿ, ಲಾಬಿ 1 ಮೀಟರ್, ಬಾಕ್ ಲೈನ್ ಮಧ್ಯಗೆರೆಯಿಂದ 3.75.

ಹಾಗೇ ಕಾರ್ಡ್ ನೋಡಿ. ಹಳದಿ ಬಂದರೆ ಎರಡು ನಿಮಿಷ ಹೊರಗೆ, ಅಷ್ಟೂ ಹೊತ್ತು ತಂಡ ಒಬ್ಬ ಕಮ್ಮಿ. ಅಂಪೈರ್ ಜತೆ ಜಗಳ ಆಡಿ ತಗೊಂಡ ಕಾರ್ಡ್ ಪೂರ್ತಿ ಹುಡುಗನ ಖಾತೆಗೆ. ಅದೇ ಬಾಯಿ ಬೆಂಚಿನಿಂದ ಶುರುವಾಗಿದ್ದರೆ ಕೋಚ್ ಖಾತೆಗೆ.

ಗುಬ್ಬಿಗೇಟ್

ಎಲ್ಲರಿಗೂ ನಮಸ್ಕಾರ, ಇಷ್ಟು ಬಿಡಿಸಿ ಹೇಳ್ತೀರಿ ಅಂದುಕೊಂಡಿರಲಿಲ್ಲ. ಸೋತ ಪಂದ್ಯಗಳ ಎರಡನೇ ಅರ್ಧ ನೋಡಿ ಬರೆದಾಯಿತು. ಕಂಡಿದ್ದು ಇಷ್ಟು.

ಡು ಆರ್ ಡೈ ಎಲ್ಲಕ್ಕೂ ಹೋಗಿರೋದು ಒಬ್ಬನೇ, ನಮ್ಮ ಮುಖ್ಯ ರೈಡರ್. ಅವನು ಕೂತ ಮೇಲೇ ಕುಸಿತ ಶುರು. ಟೈಮ್ಔಟ್ ಮೊದಲಾರ್ಧದಲ್ಲಿ ತಗೊಂಡಿದ್ದಾರೆ, ಎರಡನೇ ಅರ್ಧದಲ್ಲಿ ಆಲ್‌ಔಟ್ ಆದ ಮೇಲೆ ಒಂದು, ಇನ್ನೊಂದು ಹಾಗೇ ಉಳಿದಿದೆ. ತಡವಾಗಿ ಬರೋದು ಎರಡೂ ಕಡೆ ಕವರ್‌ಗಳು, ಒಬ್ಬನಲ್ಲ. ಎಡ ಕಾರ್ನರ್ ಆತುರದ ಕ್ಯಾಚ್ ಪ್ರತಿ ಪಂದ್ಯದಲ್ಲೂ ಇದೆ, ಅದು ಅವನೊಬ್ಬನದೇ. ಬಲ ಕಾರ್ನರ್ ಕಣಕಾಲಿಗೆ ಟೇಪ್ ಸುತ್ತಿದ್ದು ವಿಡಿಯೊದಲ್ಲೇ ಕಾಣುತ್ತೆ. ಹಬ್ಬದ ಟೂರ್ನಿಯಲ್ಲಿ ಉಳುಕಿದ್ದು, ಕೋಚ್‌ಗೆ ಹೇಳಿರಲಿಲ್ಲವಂತೆ. ಕೋಚ್ ಬಂದದ್ದು ಹಳೇ ಪಿ.ಡಿ. ಸರ್ ಊಹಿಸಿದ ಹಾಗೇ ಕೊನೆಯ ಮೂರು ವಾರಕ್ಕೆ, ಸಂಘದ ದುಡ್ಡು ಅಷ್ಟಕ್ಕೇ ಇತ್ತು.

ಇದನ್ನಿಟ್ಟುಕೊಂಡು ಸಭೆಯಲ್ಲಿ ಏನು ಹೇಳಲಿ?

ಎಂಡ್‌ಲೈನ್

ಹಳೇ ಪಿ.ಡಿ. ಅವರ ಮಾತು ಒಪ್ಪಿದೆ, ಮೂರು ವಾರದ ಕೋಚ್ ಮೇಲೆ ದಮ್ಮಿನ ಭಾರ ಹಾಕಕ್ಕಾಗಲ್ಲ. ಎರಡೂ ಕವರ್ 35ನೇ ನಿಮಿಷದಲ್ಲಿ ಕಾಲೆಳೆಯುತ್ತಿದ್ದರೆ ಅದು ಕಾಲೇಜು ಮತ್ತು ಸಂಘದ ಲೆಕ್ಕ. ಆದರೆ ಟೈಮ್ಔಟ್, ಡು ಆರ್ ಡೈಗೆ ಯಾರು ಅನ್ನೋದು, ಇವಕ್ಕೆ ಮೂರು ವಾರ ಬೇಕಿಲ್ಲ, ಒಂದು ಸಂಜೆ ಸಾಕು. ಅದು ಕೋಚ್ ತಪ್ಪು, ಅವರನ್ನೇ ಕೂರಿಸಿ ಈ ಕ್ಲಿಪ್ ತೋರಿಸಿ ಕೇಳಿ. ಸರಿಯಾದ ಉತ್ತರ ಬಂದರೆ ಉಳಿಸಿಕೊಳ್ಳಿ. 'ಹುಡುಗರು ಮಾತು ಕೇಳಲ್ಲ' ಅನ್ನೋದೊಂದೇ ಉತ್ತರ ಆದರೆ ಬೇರೆಯವರನ್ನು ನೋಡಿ. ಎಡ ಕಾರ್ನರ್‌ದು ಅವನದೇ. ಗಾಯ ಮುಚ್ಚಿಟ್ಟ ಬಲ ಕಾರ್ನರ್‌ದೂ ಅವನದೇ, ಆದರೆ ಸುತ್ತಿದ ಟೇಪ್ ನೋಡಿಯೂ ಬೆಂಚಿನವರು ಕೇಳಲಿಲ್ಲ ಅನ್ನೋದನ್ನೂ ಸೇರಿಸಿ.

ಮುಂದಿನ ಸಲಕ್ಕೆ ಕೋಚ್‌ನ ಹನ್ನೆರಡು ವಾರ ಮುಂಚೆ ಕರೆಸಿ, ಮೊದಲ ವಾರಗಳಲ್ಲಿ ವಾರಕ್ಕೆ ಎರಡು ದಿನ ಬಂದರೂ ಸರಿ, ಉಳಿದ ದಿನ ಅವರು ಕೊಟ್ಟ ಪಟ್ಟಿ ಹಿಡಿದು ಪಿ.ಡಿ. (ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು) ನಡೆಸಲಿ. ಗೌರವಧನ ಹೆಚ್ಚೇನೂ ಏರಲ್ಲ. ಹೊನಲು ಬೆಳಕಿನ ಪಂದ್ಯ ಪೂರ್ತಿ ನಿಷೇಧ ಅಂದರೆ ಯಾರೂ ಕೇಳಲ್ಲ, ಕದ್ದು ಹೋಗ್ತಾರೆ, ಗಾಯವಾದರೆ ಇನ್ನೂ ಮುಚ್ಚಿಡ್ತಾರೆ. ಟೂರ್ನಿಗೆ ಮುಂಚಿನ ನಾಲ್ಕು ವಾರ ಬೇಡ, ಅದಕ್ಕೂ ಮೊದಲು ಆಡೋದಾದರೆ ಹೇಳಿ ಹೋಗಬೇಕು, ಗಾಯ ಆದರೆ ಮರುದಿನವೇ ತಿಳಿಸಬೇಕು, ತಿಳಿಸಿದವನ ಜಾಗ ಹೋಗಲ್ಲ. ಆ ಕೊನೆಯ ಮಾತು ಬರಹದಲ್ಲಿರಲಿ. ಜಾಗ ಹೋಗುತ್ತೆ ಅನ್ನೋ ಭಯಕ್ಕೇ ಟೇಪ್ ಸುತ್ತಿಕೊಂಡು ಬರೋದು.

ವಿಡಿಯೊ ಇನ್ನು ಮೇಲೆ ಎಂಡ್‌ಲೈನ್ ಹಿಂದಿನಿಂದ, ಸ್ವಲ್ಪ ಎತ್ತರದಿಂದ ತೆಗೀರಿ. ಮೊದಲ ಮಹಡಿಯ ಕಾರಿಡಾರ್ ಇದ್ದರೆ ಇನ್ನೂ ಒಳ್ಳೇದು. ಪಕ್ಕದಿಂದ ತೆಗೆದರೆ ಕವರ್ ಎಷ್ಟು ತಡ ಅನ್ನೋದು ಮೈಗಳ ಹಿಂದೆ ಮುಚ್ಚಿಹೋಗುತ್ತೆ.

ಮಣ್ಣಿನಂಗಳ

ನಾಕು ವಾರ ಪಂದ್ಯ ಬಿಡ್ಸಿದ್ರೆ ಆ ನಾಕು ವಾರದ ದುಡ್ಡೂ ಹೋಗುತ್ತೆ, ಅದನ್ನ ಸಭೆಲಿ ಮರೀಬೇಡಿ. ಹನ್ನೆರಡು ಹುಡುಗ್ರಿಗೆ ದಿನಕ್ಕೆ ನಾಕು ಮೊಟ್ಟೆ ಅಂದ್ರೆ 48, ತಿಂಗಳಿಗೆ 1440, ಮೂವತ್ತರ ಟ್ರೇ 48. ಸನ್ಮಾನಕ್ಕೆ ಹಾರ ಶಾಲು ತರೋ ಖರ್ಚಿಂದ ಶುರು ಮಾಡಿ, ಉಳಿದದ್ದಕ್ಕೆ ಚೀಟಿ ಹರೀರಿ. ಮಂಡಿಪೇಟೆಲಿ ಹೋಲ್‌ಸೇಲ್ ವಿಚಾರ್ಸಿ, ವಾರವಾರ ಹನ್ನೆರಡು ಟ್ರೇ ತಗೊಂಡ್ರೆ ಹಾಳಾಗಲ್ಲ.